ಈ ಮಷೀನು ಮೊದಲು ಎಲ್ಲಿತ್ತು?

ಕಲಬುರಗಿ
12 ನವೆಂಬರ್ 2024

ಧನು,

ಈ ಕಾಗದವನ್ನು ಮಷೀನಿನ ಪೆಟ್ಟಿಗೆಯೊಳಗೇ ಇಟ್ಟಿದ್ದೇನೆ. ಚನ್ನಪಟ್ಟಣದ ಲಾರಿ ಆಫೀಸಿನಿಂದ ಪೆಟ್ಟಿಗೆ ತಂದ ಮೇಲೆ ಮೊದಲು ಇದನ್ನು ಓದು, ಆಮೇಲೆ ಸ್ವಿಚ್ಚಿಗೆ ಕೈ ಹಾಕು. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅನ್ನುತ್ತೀಯ, ಸಂಜೆಗೆ ಮತ್ತೆ ಮೊದಲಿನಿಂದ ಕೇಳುತ್ತೀಯ. ಪಾಲಿಟೆಕ್ನಿಕ್‌ನಲ್ಲೂ ಹಾಗೇ ಇದ್ದೆ. ಇದನ್ನು ಗೋಡೆಗೆ ಅಂಟಿಸಿಕೋ. ನೀನೂ ಕಾಗದದಲ್ಲೇ ಉತ್ತರ ಬರೆ. ಏನು ಕೇಳಿದೆ, ಏನು ಹೇಳಿದೆ ಅನ್ನುವುದು ಇಬ್ಬರ ಹತ್ತಿರವೂ ಇರಲಿ.

ಮೊದಲ ಪಾಠ. ಹೆಸರಿಗೆ ಬಿಟ್‌ಕಾಯಿನ್ ಗಣಿಗಾರಿಕೆ, ಅಗೆಯುವುದು ಏನೂ ಇಲ್ಲ. ಆ ಕಂಪ್ಯೂಟರ್ ನಾಣ್ಯ ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಒಂದು ಬ್ಯಾಂಕು ಬರೆದಿಡುವುದಿಲ್ಲ. ಲೋಕದ ಸಾವಿರಾರು ಕಂಪ್ಯೂಟರುಗಳು ಬರೆದಿಡುತ್ತವೆ. ಮುಂದಿನ ಪುಟವನ್ನು ಯಾರು ಬರೆಯಬೇಕು ಎನ್ನುವುದಕ್ಕೆ ಪಂದ್ಯ. ಒಂದು ಸಂಖ್ಯೆಯನ್ನು ಊಹಿಸಬೇಕು, ಗೆದ್ದವರಿಗೆ ಹೊಸ ನಾಣ್ಯ. ಈ ಮಷೀನು ಸೆಕೆಂಡಿಗೆ ಲಕ್ಷ ಕೋಟಿಗಟ್ಟಲೆ ಊಹೆ ಮಾಡುತ್ತದೆ. ಅದರ ಕೆಲಸ ಅಷ್ಟೇ.

ಎರಡನೆಯದು, ಒಬ್ಬಳೇ ಆಡಿದರೆ ನೂರು ವರ್ಷಕ್ಕೂ ಗೆಲ್ಲುವುದಿಲ್ಲ. ಅದಕ್ಕೆ ಪೂಲ್ ಅಂತ ಇದೆ. ಡೇರಿಯ ಕ್ಯಾನಿಗೆ ಎಲ್ಲರೂ ಹಾಲು ಹಾಕಿದ ಹಾಗೆ. ಯಾರ ಮಷೀನು ಎಷ್ಟು ದುಡಿಯಿತೋ ಅಷ್ಟು ಪಾಲು. ನಿನ್ನ ಹೆಸರಿನಲ್ಲಿ ಸೇರಿಸಿದ್ದೇನೆ.

ಮೂರನೆಯದು, ಜೊತೆಗಿಟ್ಟ ಲಕೋಟೆಯಲ್ಲಿ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳಿವೆ. ಬಂದ ನಾಣ್ಯಕ್ಕೆ ಅದೇ ಬೀಗದ ಕೈ. ಫೋಟೊ ತೆಗೆಯಬೇಡ, ಯಾರಿಗೂ ಓದಿ ಹೇಳಬೇಡ, ನನಗೂ.

ನಾಲ್ಕನೆಯದಕ್ಕಾಗಿಯೇ ನಿನಗೆ ಕಳಿಸುತ್ತಿರುವುದು. ಗಂಟೆಗೆ ಮೂರು ಯೂನಿಟ್ ಕರೆಂಟು ತಿನ್ನುತ್ತದೆ, ತಿಂದದ್ದೆಲ್ಲ ಬಿಸಿಯಾಗಿ ಹೊರಗೆ ಬರುತ್ತದೆ. ಕಲಬುರಗಿಯಲ್ಲಿ ಆ ಬಿಸಿಯೇ ಶತ್ರು. ಮಾವನವರ ಗೋಡೌನಿನಲ್ಲಿ ಎರಡು ಮಷೀನು ಇಟ್ಟಿದ್ದೆ, ಏಪ್ರಿಲ್‌ನಲ್ಲಿ ದಿನಕ್ಕೆ ಹತ್ತು ಸಲ ತಾವಾಗಿಯೇ ನಿಂತವು. ನೀನೋ ಚಳಿಗಾಲದಲ್ಲಿ ರೇಷ್ಮೆ ಹುಳದ ಮರಿಗಳಿಗೆ ಎರಡು ಹೀಟರ್ ಉರಿಸುತ್ತೀಯ. ಆ ಕರೆಂಟೇ ಇದಕ್ಕೆ ಹೋಗಲಿ. ಕೋಣೆಯೂ ಬೆಚ್ಚಗಾಗುತ್ತದೆ, ಪೂಲ್‌ನಿಂದ ಅಷ್ಟಿಷ್ಟು ಬರುತ್ತದೆ. ಶ್ರೀಮಂತಳಾಗುವ ಕನಸು ಬೇಡ. ಬಂದದ್ದರಲ್ಲಿ ತೆರಿಗೆಯೇ ನೂರಕ್ಕೆ ಮೂವತ್ತು.

ಒಳಗೆ ಧೂಳು ಕೂತರೆ ಸುಟ್ಟುಹೋಗುತ್ತದೆ. ನಾನು ಒರೆಸಿಯೇ ಕಳಿಸಿದ್ದೇನೆ.

ನಾಹಿದಾ

*

ವಿರೂಪಾಕ್ಷಿಪುರ
22 ನವೆಂಬರ್ 2024

ನಾಹಿದಾ,

ಪೆಟ್ಟಿಗೆ ಬಂತು, ಕಾಗದ ಗೋಡೆಗೆ ಅಂಟಿತು. ಮಷೀನನ್ನು ಕಿಟಕಿಯ ಬದಿಗೆ ಹಲಗೆಯ ಮೇಲೆ ಇಟ್ಟಿದ್ದೇನೆ. ಏನು ಸದ್ದು ಅದರದು! ನಾಲ್ಕು ಮಿಕ್ಸಿ ಒಟ್ಟಿಗೆ ತಿರುಗಿದ ಹಾಗೆ. ನಮ್ಮಲ್ಲಿ ಹುಳ ನೋಡಿಕೊಳ್ಳುವ ಬೋರಲಿಂಗಣ್ಣ ಬಾಗಿಲಲ್ಲಿ ನಿಂತು, "ಕನಕಪುರದ ಕಡೆ ಬಂಡೆ ಸೀಳಿ ಗಣಿ ಮಾಡ್ತರೆ, ಕಂಡಿವ್ನಿ. ನೀನು ಹುಳಮನೇಲಿ ಕೂತ್ಕಂಡು ಏನವ್ವ ಅಗೀತೀಯ?" ಎಂದ. ಸಂಖ್ಯೆ ಊಹಿಸುತ್ತದೆ ಎಂದೆ. "ಊಹೆ ಮಾಡೋಕೆ ಇಷ್ಟೊಂದು ಬಡ್ಕತದಾ? ನಮ್ಮ ಜೋಯಿಸ್ರು ವಾಸಿ" ಅಂದುಬಿಟ್ಟ.

ನೀನು ಪಾಠ ಹೇಳಿದೆ, ಈಗ ನನ್ನ ಪಾಠ ಕೇಳು. ನಮ್ಮದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ತಂದು ಮರಿ ಮಾಡಿಸಿ, ಎರಡನೇ ಜ್ವರ ದಾಟುವ ತನಕ ಸಾಕಿ ರೈತರಿಗೆ ಕೊಡುತ್ತೇವೆ. ಜ್ವರ ಎಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು ಪೊರೆ ಕಳಚುವ ಕಾಲ. ಈ ಎಂಟು ದಿನ ತಪ್ಪಿದರೆ ರೈತನ ಆ ಬೆಳೆಯೇ ತಪ್ಪಿತು. ಇಪ್ಪತ್ತೇಳು ಡಿಗ್ರಿ ಬಿಸಿ ಇರಬೇಕು, ಗಾಳಿ ಒದ್ದೆಯಾಗಿರಬೇಕು. ಅದಕ್ಕೆ ನಿನ್ನ ಮಷೀನಿನ ಸುತ್ತ ಒದ್ದೆ ಗೋಣಿ ನೇತುಹಾಕಿದ್ದೇನೆ. ಒಳಗೆ ಊದುಬತ್ತಿ, ಸೊಳ್ಳೆಬತ್ತಿ, ಸೆಂಟು ಯಾವುದೂ ಬರಬಾರದು. ಎಲ್ಲಕ್ಕಿಂತ ಹೊಗೆಸೊಪ್ಪು. ಬೀಡಿ ಹಿಡಿದ ಕೈ ತೊಳೆಯದೆ ಹಿಪ್ಪುನೇರಳೆ ಸೊಪ್ಪು ಮುಟ್ಟಿದರೆ ಆ ಸೊಪ್ಪು ತಿಂದ ಮರಿ ಸಾಯುತ್ತದೆ. ಬೋರಲಿಂಗಣ್ಣನಿಗೆ ಬೀಡಿ ಬಿಟ್ಟರೆ ಆಗದು. ಆದರೆ ಹತ್ತೊಂಬತ್ತು ವರ್ಷದಿಂದ ಅವನ ಪದ್ಧತಿ ಒಂದೇ. ರಸ್ತೆಗೆ ಹೋಗಿ ಸೇದುತ್ತಾನೆ, ನಲ್ಲಿಯ ಕಲ್ಲಿನ ಮೇಲಿರುವ ಕೆಂಪು ಸೋಪಿನಲ್ಲಿ ಮೊಣಕೈವರೆಗೆ ತೊಳೆಯುತ್ತಾನೆ, ಬೇರೆ ಅಂಗಿ ಹಾಕಿಕೊಂಡು ಒಳಗೆ ಬರುತ್ತಾನೆ.

ಅಂಥವನಿಗೂ ಮೊನ್ನೆ ಬೈದೆ. ಮಷೀನು ಹಚ್ಚಿ ಅರ್ಧ ಗಂಟೆಗೆ ಕೋಣೆಯಲ್ಲಿ ಬೀಡಿ ವಾಸನೆ. "ನಿನ್ ಕಾಲ್ಗೆ ಬೀಳ್ತೀನಿ ಕಣವ್ವ, ನಾನಲ್ಲ" ಎಂದ. ಪುಣ್ಯಕ್ಕೆ ಇನ್ನೂ ಹುಳ ಬಂದಿಲ್ಲ. ಡಿಸೆಂಬರ್ ಐದಕ್ಕೆ ಮರಿ ಒಡೆಯುತ್ತವೆ, ನಲವತ್ತು ಮನೆಯವರು ಹೆಸರು ಬರೆಸಿದ್ದಾರೆ.

ನಿನ್ನ ಅಮ್ಮಿ ಹೇಗಿದ್ದಾರೆ? ಈಗಲೂ ಬೊಂಬೆಗೆ ಬಣ್ಣ ಹಾಕುತ್ತಾರಾ? ನಿನ್ನ ಮಾವನವರ ಗೋಡೌನು ಗೋಡೌನು ಅನ್ನುತ್ತೀಯ, ಯಾವ ವ್ಯಾಪಾರ ಅಂತ ಒಂದು ದಿನವೂ ಹೇಳಲಿಲ್ಲ.

ಧನಲಕ್ಷ್ಮಿ

*

ಕಲಬುರಗಿ
28 ನವೆಂಬರ್ 2024

ಧನು,

ಕಾಗದ ಓದಿ ನಕ್ಕೆ. ಬೋರಲಿಂಗಣ್ಣನವರು ಹೇಳಿದ್ದು ಸರಿ, ಜೋಯಿಸರಿಗೆ ಕರೆಂಟಾದರೂ ಬೇಡ.

ವಾಸನೆಗೆ ಹೆದರಬೇಡ. ಬಹಳ ದಿನ ನಿಂತಿದ್ದ ಮಷೀನು ಕಾದಾಗ ವೈರಿನ ಹೊದಿಕೆಯಿಂದ ಅಂಥ ವಾಸನೆ ಬರುತ್ತದೆ. ಎರಡು ದಿನ ಓಡಿದರೆ ಹೋಗುತ್ತದೆ. ಅವರಿಗೆ ಸುಮ್ಮನೆ ಬೈದೆ.

ಐದನೇ ಪಾಠ: ಪೂಲ್‌ನ ಪುಟವನ್ನು ದಿನಕ್ಕೆ ಒಂದೇ ಸಲ ನೋಡು. ಹೊಸಬರು ಗಳಿಗೆಗೊಮ್ಮೆ ನೋಡಿ ತಲೆ ಕೆಡಿಸಿಕೊಳ್ಳುತ್ತಾರೆ.

ಅಮ್ಮಿ ಚೆನ್ನಾಗಿದ್ದಾರೆ. ಕಣ್ಣು ಮಂಜು, ಈಗ ಕೆಲಸ ಬಿಟ್ಟಿದ್ದಾರೆ.

ನಾಹಿದಾ

*

ವಿರೂಪಾಕ್ಷಿಪುರ
15 ಡಿಸೆಂಬರ್ 2024

ನಾಹಿದಾ,

ಹುಳ ಹೋದವು. ನಲವತ್ತು ಮನೆಯ ಹುಳ.

ಮೊದಲನೇ ಜ್ವರದಿಂದ ಚೆನ್ನಾಗಿಯೇ ಎದ್ದಿದ್ದವು. ಹತ್ತನೇ ತಾರೀಕು ಬೆಳಿಗ್ಗೆ ಸೊಪ್ಪು ಕೊಡಲು ಹೋದರೆ ಕಿಟಕಿ ಬದಿಯ ತಟ್ಟೆಗಳಲ್ಲಿ ಮರಿಗಳು ತಲೆ ಎತ್ತಿಕೊಂಡು ಹಾಗೇ ನಿಂತಿವೆ. ಬಾಯಲ್ಲಿ ಕಂದು ರಸ. ಮಧ್ಯಾಹ್ನಕ್ಕೆ ಪಕ್ಕದ ಸಾಲು, ಮರುದಿನ ಎಲ್ಲವೂ. ರೇಷ್ಮೆ ಇಲಾಖೆಯ ಅಧಿಕಾರಿಯನ್ನು ಕರೆಸಿದೆ. ಅವರು ಭೂತಗನ್ನಡಿ ಹಿಡಿದು ನೋಡಿ, "ಇದು ರೋಗ ಅಲ್ಲಮ್ಮ, ಹೊಗೆಸೊಪ್ಪಿನ ವಿಷ. ನಿಮ್ಮಲ್ಲಿ ಯಾರು ಬೀಡಿ ಸೇದೋರು?" ಎಂದರು.

ಹುಳ ಒಯ್ಯಲು ಬುಟ್ಟಿ ಹಿಡಿದು ಬಂದಿದ್ದವರೆಲ್ಲ ಅಂಗಳದಲ್ಲಿದ್ದರು. ಎಲ್ಲರ ಕಣ್ಣೂ ಒಬ್ಬನ ಮೇಲೆ ಹೋಯಿತು. ದೊಡ್ಡಲಕ್ಷ್ಮಮ್ಮ, "ಸೊಪ್ಪು ಬೆಳ್ದು ನಿಂತೈತೆ, ಮನೆ ಸುಣ್ಣ ಹೊಡ್ದು ಕಾಯ್ತಾ ಕುಂತಿವ್ನಿ. ಈ ಮುದುಕನ ಒಂದು ದಮ್ಮಿಗೆ ನಮ್ಮ ಬೆಳೆ ಹೋಯ್ತಲ್ಲ ಧನಕ್ಕ. ಕೈ ಮೂಸಿ ನೋಡು, ಗೊತ್ತಾಯ್ತದೆ" ಎಂದಳು. ಬೋರಲಿಂಗಣ್ಣ ತಾನಾಗಿಯೇ ಎರಡು ಕೈ ಚಾಚಿದ. ನಾನು ಮೂಸಿದೆ. ಅಷ್ಟು ಜನರ ಮುಂದೆ, ಅಪ್ಪನ ವಯಸ್ಸಿನವನ ಬೆರಳು. ಐವತ್ತು ವರ್ಷ ಬೀಡಿ ಹಿಡಿದ ಬೆರಳು, ವಾಸನೆ ಬಾರದೆ ಇರುತ್ತದೆಯೇ? "ಬರ್ತದೆ" ಎಂದೆ. ಅವನು ಕೈ ಕೆಳಗಿಳಿಸಲಿಲ್ಲ. ನಾನು ಒಳಗೆ ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದನಂತೆ.

ನಾಳೆಯಿಂದ ಬರಬೇಡ ಎಂದು ಹೇಳಿ ಕಳಿಸಿದೆ. ಬೇರೆ ದಾರಿ ಇರಲಿಲ್ಲ.

ಹೊಸ ಮೊಟ್ಟೆ ಹದಿನೆಂಟಕ್ಕೆ ಬರುತ್ತವೆ. ಮಷೀನು ಸರಿಯಾಗಿದೆ.

ಧನಲಕ್ಷ್ಮಿ

*

ಕಲಬುರಗಿ
18 ಡಿಸೆಂಬರ್ 2024

ಧನು,

ನಿನ್ನೆ ಕಾಗದ ತಲುಪಿತು.

ಒಂದು ಕೆಲಸ ಮಾಡು. ಮಷೀನನ್ನು ಹುಳದ ಮನೆಯಿಂದ ತೆಗೆದು ದೂರದ ಪಂಪ್ ಮನೆಗೆ ಹಾಕು. ಅದರ ಸದ್ದು ಮರಿಗಳಿಗೆ ಒಳ್ಳೆಯದಲ್ಲ ಎಂದು ಎಲ್ಲೋ ಓದಿದೆ. ಹೊಸ ಮೊಟ್ಟೆ ಒಡೆದು ಮರಿ ಬರುವ ಮೊದಲೇ ತೆಗೆ. ಕೋಣೆಯನ್ನು ಪೂರ್ತಿ ತೊಳೆಸು. ಮಷೀನನ್ನು ಬಿಚ್ಚಿ ಬ್ಲೋವರ್ ಹೊಡೆಸು, ಹೊಡೆಯುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ, ಸೊಪ್ಪಿನ ತೋಟದಿಂದ ದೂರ ಹೊಡೆಯಲಿ.

ಬೋರಲಿಂಗಣ್ಣನವರನ್ನು ಬಿಡಿಸಬೇಡ. ವಯಸ್ಸಾದವರು. ಅವರಲ್ಲದೆ ಇರಬಹುದು.

ನಾಹಿದಾ

*

ವಿರೂಪಾಕ್ಷಿಪುರ
3 ಜನವರಿ 2025

ನಾಹಿದಾ,

ನೀನು ಹೇಳಿದ ಹಾಗೆ ಮಷೀನು ಪಂಪ್ ಮನೆಗೆ ಹೋಯಿತು. ಬಿಚ್ಚಿಸಲು ಪುರುಸೊತ್ತಾಗಲಿಲ್ಲ, ಆರಿಸಿ ಇಟ್ಟಿದ್ದೇನೆ. ಹಳೆಯ ಹೀಟರ್ ಹಚ್ಚಿದೆ. ಈ ಸಲದ ಹುಳ ಚಿನ್ನದ ಹಾಗೆ ಎದ್ದು, ಎಲ್ಲರೂ ಒಯ್ದರು. ಊರಿನವರಿಗೆ ಇನ್ನೇನು ಸಾಕ್ಷಿ ಬೇಕು? ಮುದುಕ ಹೋದ, ಹುಳ ಉಳಿದವು ಎನ್ನುತ್ತಿದ್ದಾರೆ.

ಆದರೆ ಒಂದು ವಿಷಯ ನನ್ನನ್ನು ತಿನ್ನುತ್ತಿದೆ. ಕಳೆದ ವಾರ ಬೋರಲಿಂಗಣ್ಣ ಬಂದು ಗೇಟಿನ ಆಚೆಯೇ ನಿಂತ. ಒಳಗೆ ಬಾ ಎಂದರೆ ಬರಲಿಲ್ಲ. "ಯೋಚ್ನೆ ಮಾಡ್ದೆ ಕಣವ್ವ. ಅವತ್ತು ಬೆಳಿಗ್ಗೆ ಚಳಿ ಜಾಸ್ತಿ ಇತ್ತು. ಸೋಪು ಹಾಕ್ದೆ ಬರೀ ನೀರಲ್ಲಿ ತೊಳ್ಕಂಡ್ನೇನೋ. ನೆಪ್ಪಿಲ್ಲ. ನಾನೇ ಇರ್ಬೇಕು. ನಲವತ್ತು ಮನೆ ಅನ್ನಕ್ಕೆ ಕಲ್ಲು ಹಾಕ್ಬುಟ್ಟೆ" ಎಂದ. ಬೀಡಿ ಬಿಟ್ಟಿದ್ದಾನಂತೆ. ಮರುದಿನವೇ ಮರಳವಾಡಿಯಲ್ಲಿರುವ ಮಗಳ ಮನೆಗೆ ಹೋದನಂತೆ. ನಾನು ಬೇಡ ಅನ್ನಲಿಲ್ಲ.

ಹತ್ತೊಂಬತ್ತು ವರ್ಷದಲ್ಲಿ ಅವನು ಸೋಪು ಮರೆತದ್ದನ್ನು ನಾನು ನೋಡಿಲ್ಲ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದುತ್ತಿದ್ದೇನೆ. ಸದ್ದಿಗೆ ಮಷೀನು ತೆಗೆಯಬೇಕು, ಸರಿ. ಮೂಗಿಗೆ ಬಟ್ಟೆ ಏಕೆ? ತೋಟದಿಂದ ದೂರ ಏಕೆ? ಬೋರಲಿಂಗಣ್ಣನನ್ನು ನೀನು ನೋಡಿಯೇ ಇಲ್ಲ. ಅವನಲ್ಲದೆ ಇರಬಹುದು ಎಂದು ನಿನಗೆ ಹೇಗೆ ಗೊತ್ತು?

ಧನಲಕ್ಷ್ಮಿ

*

ಕಲಬುರಗಿ
30 ಜನವರಿ 2025

ಧನು,

ಈ ತಿಂಗಳು ನೀನು ಏಳು ಸಲ ಫೋನ್ ಮಾಡಿದೆ. ಏಳು ಸಲವೂ ಫೋನು ನನ್ನ ಕೈಯಲ್ಲೇ ಇತ್ತು.

ನಮ್ಮ ಮಾವನವರದು ಬೀಡಿ ವ್ಯಾಪಾರ. ಗೋಡೌನಿನಲ್ಲಿ ಇರುವುದು ಎಲೆ ಮತ್ತು ಹೊಗೆಸೊಪ್ಪಿನ ಪುಡಿ. ನಿನ್ನ ಮಷೀನು ಆ ಚೀಲಗಳ ನಡುವೆ ಹದಿನಾಲ್ಕು ತಿಂಗಳು ಓಡಿದೆ. ಅದರ ಫ್ಯಾನು ನಿಮಿಷಕ್ಕೆ ಒಂದು ಕೋಣೆಯಷ್ಟು ಗಾಳಿ ಎಳೆಯುತ್ತದೆ, ಆ ಗಾಳಿಯಲ್ಲಿದ್ದ ಪುಡಿಯೆಲ್ಲ ಒಳಗಿನ ಅಲ್ಯೂಮಿನಿಯಂ ಪಟ್ಟಿಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿದೆ. ನಾನು ಒರೆಸಿದ್ದು ಹೊರಗಿನ ಡಬ್ಬಿಯನ್ನು ಮಾತ್ರ. ದಿನವೂ ಕಾದು ಕಾದು ಸಡಿಲಿದ ಅದೇ ಪುಡಿ ನಿನ್ನ ತಟ್ಟೆಗಳ ಮೇಲೆ ಬಿದ್ದಿದೆ. ಬೋರಲಿಂಗಣ್ಣನವರು ಏನೂ ಮಾಡಿಲ್ಲ.

ಪೆಟ್ಟಿಗೆ ಕಳಿಸುವಾಗ ಇದು ನನಗೆ ಗೊತ್ತಿರಲಿಲ್ಲ, ಅದು ನಿಜ. ಆದರೆ ನಿನ್ನ ನವೆಂಬರ್ ಕಾಗದದಲ್ಲಿ ಹೊಗೆಸೊಪ್ಪಿನ ಪಾಠ ಇತ್ತು, ಬೀಡಿ ವಾಸನೆಯ ಮಾತೂ ಇತ್ತು. ಓದಿದ ಕ್ಷಣಕ್ಕೇ ತಿಳಿಯಿತು. ಹುಳ ಬರಲು ಇನ್ನೂ ವಾರವಿತ್ತು. ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾನು ವೈರಿನ ವಾಸನೆ ಎಂದು ಬರೆದೆ. ಎರಡು ದಿನ ಓಡಿದರೆ ಪುಡಿಯೆಲ್ಲ ಹಾರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಏಕೆ ಎಂದು ಕೇಳುತ್ತೀಯ. ನಮ್ಮ ಅಮ್ಮಿ ಯಾವತ್ತೂ ಬೊಂಬೆಗೆ ಬಣ್ಣ ಹಾಕಿದವರಲ್ಲ. ಚನ್ನಪಟ್ಟಣದಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕಾಲೇಜಿಗೆ ಹೊರಡುವ ಮೊದಲು ನಾನೂ ಇನ್ನೂರು ಕಟ್ಟಿ ಬರುತ್ತಿದ್ದೆ. ಮೊದಲ ವರ್ಷ, ಲ್ಯಾಬಿನಲ್ಲಿ ಬೆಸುಗೆ ಹಾಕುವಾಗ ನೀನು ನನ್ನ ಕೈ ಹಿಡಿದು ಮೂಸಿ, "ಏನೇ ಇದು, ಒಂಥರಾ ವಾಸನೆ?" ಎಂದೆ. ಹುಡುಗರೆಲ್ಲ ತಿರುಗಿ ನೋಡಿದರು. ಬಣ್ಣ ಕಣೇ, ಅಮ್ಮಿ ಬೊಂಬೆ ಮಾಡುತ್ತಾರೆ ಎಂದೆ. ನೀನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ನಿನಗೆ ನೆನಪೂ ಇರಲಾರದು. ಆ ಒಂದು ಸುಳ್ಳನ್ನು ಹದಿನಾರು ವರ್ಷ ಕಾಪಾಡಿಕೊಂಡು ಬಂದೆ. ಗೋಡೌನು ಯಾವುದರದು ಎಂದರೆ ಅಮ್ಮಿಯ ವಿಷಯವೂ ಬಯಲಾಗುತ್ತದೆ ಎನ್ನಿಸಿತು. ನನ್ನನ್ನು ಓದಿಸಿದ ಬೆರಳುಗಳಿಗೆ ನಾಚಿದೆ. ಅದರ ಬೆಲೆಯನ್ನು ಆ ಮುದುಕರು ತೆತ್ತರು.

ಮೊದಲ ಪಾಠ ಇದಾಗಬೇಕಿತ್ತು, ಕೊನೆಗೆ ಬರೆಯುತ್ತಿದ್ದೇನೆ: ಹಳೆಯ ಮಷೀನು ಕೊಳ್ಳುವವರು ಅದು ಎಷ್ಟು ದುಡಿಯುತ್ತದೆ ಎಂದು ಕೇಳುವ ಮೊದಲು, ಮೊದಲು ಎಲ್ಲಿತ್ತು ಎಂದು ಕೇಳಬೇಕು.

ಈ ಕಾಗದವನ್ನು ಯಾರಿಗೆ ಬೇಕಾದರೂ ಓದಿ ಹೇಳು, ನನ್ನ ಹೆಸರಿನ ಸಮೇತ.

ನಾಹಿದಾ

*

ವಿರೂಪಾಕ್ಷಿಪುರ
19 ಫೆಬ್ರವರಿ 2025

ನಾಹಿದಾ,

ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಕಾಗದ ಹರಿಯಲು ಹೋಗಿದ್ದೆ. ಮೂರನೇ ದಿನ ನನ್ನದೊಂದು ನೆನಪಾಗಿ ಕೈ ನಿಂತಿತು. ಅದನ್ನು ನಿನಗೆ ಬರೆದಿರಲಿಲ್ಲ.

ಆ ಅಧಿಕಾರಿ ಬರುವ ಮುಂಚೆ ನಾನು ಮಷೀನನ್ನು ಆರಿಸಿ, ಬಚ್ಚಲಿಗೆ ಎಳೆದು, ಮೇಲೆ ಗೋಣಿ ಹೊದಿಸಿದ್ದೆ. ಹುಳ ಸಾಕಲೆಂದು ಕಡಿಮೆ ದರದಲ್ಲಿ ಪಡೆದ ಕರೆಂಟಿನಲ್ಲಿ ಇದೇನಮ್ಮ ಎಂದು ಕೇಳಿಯಾರು ಎಂಬ ಭಯ. ಅವರು ಕೋಣೆಯನ್ನೆಲ್ಲ ನೋಡಿ, "ಹೊಸದಾಗಿ ಏನಾದ್ರೂ ಒಳಗೆ ತಂದಿದ್ರಾ?" ಎಂದು ಕೇಳಿದರು. ಇಲ್ಲ ಸಾರ್ ಎಂದೆ. ಗೋಣಿ ಎಳೆಯುವಾಗ ಬೋರಲಿಂಗಣ್ಣ ಇನ್ನೊಂದು ತುದಿ ಹಿಡಿದಿದ್ದ, ಅವನಿಗೆ ಗೊತ್ತು. ಅವನನ್ನು ಅಷ್ಟು ಜನ ಬೈಯುವಾಗಲೂ ಮಷೀನಿನ ಮಾತು ಎತ್ತಲಿಲ್ಲ. ನಾನು ಇಲ್ಲ ಎಂದಿದ್ದೆನಲ್ಲ, ಅದಕ್ಕೆ. ಅಂಥವನ ಕೈ ಮೂಸಿದೆ. ಈಗ ನಿನ್ನ ಕೈಯನ್ನೂ ಮೂಸಿದ್ದೆ ಎನ್ನುತ್ತೀಯ. ನೆನಪಿಲ್ಲ ಎಂದು ಹೇಳಲೂ ಮುಖವಿಲ್ಲ.

ರಾಮನಗರ, ಕನಕಪುರ, ಹಾರೋಹಳ್ಳಿ ಎಂದು ಮೂರು ಕಡೆ ಬಸ್ಸು ಬದಲಿಸಿ ಮರಳವಾಡಿಗೆ ಹೋದೆ. ಅವನು ಮಗಳ ಹಿತ್ತಲಿನಲ್ಲಿ ರಾಗಿ ಹುಲ್ಲು ಒಟ್ಟುತ್ತಿದ್ದ. ಎಲ್ಲವನ್ನೂ ಹೇಳಿದೆ. ಕೆಲಸ ನಿಲ್ಲಿಸದೆ ಕೇಳಿದ. ಕೊನೆಗೆ, "ನನ್ ತಾವ ಬಂದು ಹೇಳ್ಬುಟ್ರೆ ಆಗೋಯ್ತಾ? ನೀನು ಮೂಸಿದ್ದು ಇಲ್ಲಿ ಅಲ್ವಲ್ಲ" ಎಂದ. ಅಷ್ಟೇ.

ಒಂಬತ್ತನೇ ತಾರೀಕು ಭಾನುವಾರ ಆ ನಲವತ್ತು ಮನೆಯವರನ್ನು ಅದೇ ಅಂಗಳಕ್ಕೆ ಕರೆದೆ. ಅಧಿಕಾರಿಗೂ ಫೋನ್ ಮಾಡಿ ಇದ್ದದ್ದು ಹೇಳಿದೆ, ಅವರೂ ಬಂದರು. ಬೋರಲಿಂಗಣ್ಣನನ್ನು ಮಗಳು ಕರೆತಂದಿದ್ದಳು. ಮಷೀನನ್ನು ಬಿಸಿಲಿಗೆ ತಂದು ಎಲ್ಲರ ಮುಂದೆ ಬಿಚ್ಚಿದೆ. ಪಟ್ಟಿಗಳ ಸಂದಿಯಲ್ಲಿ ಕಂದು ಪುಡಿ ಸಗಣಿ ಬಳಿದ ಹಾಗೆ ಮೆತ್ತಿತ್ತು. ಬೆರಳಲ್ಲಿ ಕೆರೆದೆ. ನಿನ್ನ ಕಾಗದವನ್ನು ಓದಲಿಲ್ಲ. ಹಳೆಯ ಮಷೀನು, ಬೀಡಿ ಗೋಡೌನಿನಲ್ಲಿತ್ತು, ತಂದವಳು ನಾನು, ವಿಚಾರಿಸದೆ ಒಳಗಿಟ್ಟವಳು ನಾನು, ಸಾಹೇಬರು ಕೇಳಿದಾಗ ಮುಚ್ಚಿಟ್ಟವಳೂ ನಾನು ಎಂದೆ. ಅಮ್ಮಿಯ ವಿಷಯ ಇವರಿಗೆ ಬೇಕಿಲ್ಲ. ಆಮೇಲೆ ಒಬ್ಬೊಬ್ಬರ ಮುಂದೆ ಹೋಗಿ ಬೆರಳು ಚಾಚಿದೆ. "ಮೂಸಿ ನೋಡಿ" ಎಂದೆ.

ಕೆಲವರು ಮೂಸಿದರು. ಕೆಲವರು ಮುಖ ತಿರುಗಿಸಿದರು. ದೊಡ್ಡಲಕ್ಷ್ಮಮ್ಮ ಮೂಸಿ, "ಥೂ, ನಿನ್ ಓದಿಗಿಷ್ಟು" ಎಂದಳು. ನಷ್ಟವನ್ನು ಮುಂದಿನ ಮೂರು ಬೆಳೆಗೆ ಪುಕ್ಕಟೆ ಚಾಕಿ ಹುಳ ಕೊಟ್ಟು ತೀರಿಸುತ್ತೇನೆ ಎಂದೆ, ಒಪ್ಪಿದರು. ಅಧಿಕಾರಿ ನೋಟಿಸು ಕಳಿಸುತ್ತಾರಂತೆ, ಕಳಿಸಲಿ. ಕೊನೆಯಲ್ಲಿ ಬೋರಲಿಂಗಣ್ಣನ ಮುಂದೆ ನಿಂತೆ. ಅವನು ಬಗ್ಗಿ ಮೂಸಿ, ಕಣ್ಣು ಮುಚ್ಚಿದ. ಎರಡು ತಿಂಗಳಾಗಿತ್ತಲ್ಲ ಬೀಡಿ ಬಿಟ್ಟು. "ಒಳ್ಳೆ ಸೊಪ್ಪು ಕಣವ್ವ. ನಾನು ಇಂಥದ್ದನ್ನ ಯಾವತ್ತೂ ಸೇದಿಲ್ಲ" ಎಂದ. ಜನ ನಕ್ಕರು. ಅವನು ನಗಲಿಲ್ಲ.

ಮರುದಿನದಿಂದ ಅವನು ಕೆಲಸಕ್ಕೆ ಬರುತ್ತಿದ್ದಾನೆ. ನಲ್ಲಿಯ ಕಲ್ಲಿನ ಮೇಲೆ ಅವನ ಹಳೆಯ ಸೋಪು ಒಣಗಿ ಬಿರುಕು ಬಿಟ್ಟಿತ್ತು, ಹೊಸದು ಇಟ್ಟಿದ್ದೆ. ಅದನ್ನು ಮುಟ್ಟಲಿಲ್ಲ, ತನ್ನದೇ ತಂದುಕೊಂಡಿದ್ದಾನೆ. ಬೀಡಿ ಬಿಟ್ಟರೂ ತೊಳೆಯುವುದು ಬಿಟ್ಟಿಲ್ಲ. ಮೊಣಕೈವರೆಗೆ ತೊಳೆದು, ಅಂಗಿ ಬದಲಿಸಿ, ಹುಳದ ಮನೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡುವ ಮೊದಲು ನನ್ನ ಮೂಗಿನ ಹತ್ತಿರ ಎರಡು ಕೈ ಚಾಚುತ್ತಾನೆ. "ನೋಡ್ಕಳವ್ವ" ಎನ್ನುತ್ತಾನೆ. ಬೇಡ ಬೋರಲಿಂಗಣ್ಣ ಎಂದರೆ ಕೈ ಇಳಿಸುವುದಿಲ್ಲ. ಸೊಪ್ಪು ಬಾಡುತ್ತದೆ, ಹುಳ ಕಾಯುತ್ತವೆ, ಅವನೂ ಕಾಯುತ್ತಾನೆ. ಕೊನೆಗೆ ನಾನೇ ತಲೆ ಬಗ್ಗಿಸುತ್ತೇನೆ.

ಸೋಪಿನ ವಾಸನೆ. ದಿನವೂ ಅದೇ.

ಧನಲಕ್ಷ್ಮಿ